ಎರಡರ ಜಾಗದಲ್ಲಿ ಕುಳಿತ ‘ಶಿ’

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಉರಿಯುತ್ತಿದ್ದದ್ದು ಮಲೆನಾಡಿನ ಕಾಡುಮರದ ಇದ್ದಿಲು. ಹೆಮಟೈಟ್ ಅದಿರಿನ ರಾಸಾಯನಿಕ ಸೂತ್ರ ಬರೆಯುವಾಗ ಕಬ್ಬಿಣದ ಚಿಹ್ನೆಯ ಬುಡದಲ್ಲೊಂದು ಪುಟ್ಟ 2, ಆಮ್ಲಜನಕದ ಬುಡದಲ್ಲೊಂದು ಪುಟ್ಟ 3 ಇಡುತ್ತೇವೆ. ಅದೇ 2 ಸೂತ್ರದ ಮುಂದೆ ಬಂದರೆ ಅರ್ಥ ಬೇರೆ, ತಲೆಯ ಮೇಲೆ ಏರಿದರೆ ಇನ್ನೂ ಬೇರೆ. 10⁶ ಎಂದರೆ ಹತ್ತು ಲಕ್ಷ. ಆರು ಕೆಳಗಿಳಿದು ಸಾಲಿಗೆ ಸೇರಿದರೆ ಬರೀ ನೂರಾ ಆರು. ಇಲ್ಲಿ ಅಂಕಿಯಷ್ಟೇ ಅಲ್ಲ, ಅದು ನಿಂತ ಜಾಗವೂ ಮಾಹಿತಿ.

ಶಾಲೆಯ ವಿಜ್ಞಾನ ಮೇಳಕ್ಕೆ ಫ್ಲೆಕ್ಸ್ ಮಾಡಿಸುವಾಗ ಈ ಜಾಗವನ್ನು ಗಣಕ ಎರಡು ಬಗೆಯಲ್ಲಿ ನೆನಪಿಡಬಲ್ಲದು. ಮೊದಲನೆಯದು ಬರೀ ಅಲಂಕಾರ: ಅಂಕಿ ಮಾಮೂಲಿನದೇ, ತಂತ್ರಾಂಶ ಅದನ್ನು ಕುಗ್ಗಿಸಿ ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ. ಅಡೋಬಿ ಇಲ್ಲಸ್ಟ್ರೇಟರ್‌ನ ಮೂಲ ಲೆಕ್ಕದಲ್ಲಿ ಗಾತ್ರ ಶೇ 58.3, ಸರಿಯುವ ದೂರ ಶೇ 33.3. ಅಂದರೆ 24 ಪಾಯಿಂಟ್ ಅಕ್ಷರದ ಪಕ್ಕದ ಅಂಕಿ ಸುಮಾರು 14 ಪಾಯಿಂಟ್ ಆಗಿ, 8 ಪಾಯಿಂಟ್ ಸರಿದು ನಿಲ್ಲುತ್ತದೆ. ಫೋಟೋಶಾಪ್‌ನಲ್ಲಿ ಕ್ಯಾರೆಕ್ಟರ್ ಫಲಕದ ಗುಂಡಿ ಒತ್ತಿದರಾಯಿತು. ಗಿಂಪ್‌ನಲ್ಲಿ ಅಂಕಿಯನ್ನು ಆಯ್ದು ಗಾತ್ರ ಇಳಿಸಿ, ಬೇಸ್‌ಲೈನ್ ಬೆಲೆಯನ್ನು ನಾವೇ ಬದಲಿಸಬೇಕು. ಕುಗ್ಗಿದ ಅಂಕಿಯ ಗೆರೆಯೂ ತೆಳುವಾಗುವುದರಿಂದ, ಕರಪತ್ರದಂಥ ಸಣ್ಣ ಮುದ್ರಣದಲ್ಲಿ ಅದು ಮಾಸಿದಂತೆ ಕಾಣುತ್ತದೆ.

ಎರಡನೆಯದು, ಪುಟ್ಟ ಅಂಕಿಯೇ ಒಂದು ಸ್ವತಂತ್ರ ಅಕ್ಷರ. ಯೂನಿಕೋಡ್‌ನಲ್ಲಿ ಮೇಲಿನ ² 178ನೆಯದು, ಕೆಳಗಿನ ₂ 8322ನೆಯದು. ಇಷ್ಟು ದೂರಕ್ಕೆ ಕಾರಣವಿದೆ. ಬರೀ 256 ಮನೆಗಳಿದ್ದ ಹಳೆಯ ಪಶ್ಚಿಮ ಯುರೋಪಿನ ಸಂಕೇತಪಟ್ಟಿಯಲ್ಲಿ ಮೇಲಂಕಿಗಳಾದ ¹, ², ³ಕ್ಕೆ ಜಾಗ ಸಿಕ್ಕಿತ್ತು, ಕೆಳ ಅಂಕಿಗೆ ಒಂದೂ ಸಿಕ್ಕಿರಲಿಲ್ಲ. ಯೂನಿಕೋಡ್ ಆ ಮೊದಲ 256 ಮನೆಗಳನ್ನು ಹಾಗೆಯೇ ಉಳಿಸಿಕೊಂಡಿತು.

ಶಿವಮೊಗ್ಗದ ಡಿಟಿಪಿ ಮೇಜಿನ ತೊಡಕು ಹುಟ್ಟುವುದು ಇಲ್ಲೇ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಫಾಂಟುಗಳು ಅದೇ 256 ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ²ರ ಮನೆ ‘ಶಿ’ಗೆ ಹೋಯಿತು, ¹ರದ್ದು ‘ಸಿ’ಗೆ. ಹಾಗಾಗಿ ಆ ಫಾಂಟ್ ಹಾಕಿದ ಸಾಲಿಗೆ ‘ಮೀ²’ರ ವರ್ಗಚಿಹ್ನೆಯನ್ನು ತಂದು ಅಂಟಿಸಿದರೆ ಮೂಡುವುದು ‘ಶಿ’. ತಿರುಗಿಸಿ ನೋಡಿದರೆ, ನುಡಿಯಲ್ಲಿ ಟೈಪಿಸಿದ ‘ಶಿವಮೊಗ್ಗ’ವನ್ನು ಇಂಗ್ಲಿಷ್ ಫಾಂಟಿಗೆ ಬದಲಿಸಿದ ಕೂಡಲೇ ಮೊದಲು ಕಾಣುವುದು ಒಂದು ಪುಟ್ಟ ².

ಹಾಗಾದರೆ ಭದ್ರಾವತಿಯ ‘ದ್ರಾ’ದಲ್ಲಿ ಕೆಳಗಿಳಿದ ರಕಾರವೂ ಕೆಳ ಅಂಕಿಯಂತೆಯೇ ಸಬ್‌ಸ್ಕ್ರಿಪ್ಟ್ ಅಲ್ಲವೇ? ನೋಟಕ್ಕೆ ಹೌದು, ಕೆಲಸದಲ್ಲಿ ಅಲ್ಲ. ಒತ್ತಕ್ಷರವನ್ನು ಯಾರೂ ಕುಗ್ಗಿಸುವುದಿಲ್ಲ. ಯೂನಿಕೋಡ್‌ನಲ್ಲಿ ದ, ಹಲಂತ (್), ರ ಮತ್ತು ದೀರ್ಘ ಸಾಲಾಗಿ ಉಳಿದಿರುತ್ತವೆ; ಅಕ್ಷರ ಜೋಡಿಸುವ ತಂತ್ರಾಂಶವು ಫಾಂಟ್ ವಿನ್ಯಾಸಕರು ಬೇರೆಯಾಗಿಯೇ ಬಿಡಿಸಿಟ್ಟ ಒತ್ತಿನ ಆಕಾರವನ್ನು ಹೆಕ್ಕಿ ಕೂರಿಸುತ್ತದೆ. ಗೆರೆಯ ದಪ್ಪ ಕೆಡದಿರುವುದು ಅದಕ್ಕೇ. ಕೆಲವು ಓಪನ್‌ಟೈಪ್ ಫಾಂಟುಗಳಲ್ಲಿ ಕೆಳ ಅಂಕಿಗಳಿಗೂ ಇಂಥದೇ ಏರ್ಪಾಡು ಇರುತ್ತದೆ. ಈ ಜೋಡಣೆ ಬಾರದ ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತು ಪಕ್ಕಕ್ಕೆ ಜಾರುತ್ತಿತ್ತು. ಆದ್ದರಿಂದಲೇ ಫ್ಲೆಕ್ಸ್ ಅಂಗಡಿಗಳು ನುಡಿಯನ್ನು ಬಿಡಲು ಹಿಂಜರಿದವು.

ಹಳೆಯ ಫಾಂಟಿನಲ್ಲೇ ಕೆಲಸವಾಗಬೇಕಿದ್ದರೆ ಸೂತ್ರವಿರುವ ಭಾಗಕ್ಕೆ ಇಂಗ್ಲಿಷ್ ಫಾಂಟ್ ಕೊಟ್ಟು, ಮಾಮೂಲಿ ಅಂಕಿ ಟೈಪಿಸಿ, ಆಮೇಲೆ ಇಳಿಸುವುದು ಸುರಕ್ಷಿತ. ಯೂನಿಕೋಡ್ ಬಳಸುವವರು ₂ ತಮ್ಮ ಫಾಂಟಿನಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಖಾಲಿ ಚೌಕ ಮೂಡಬಹುದು. ಜೆಪೆಗ್ ಮಾಡಿದ ಮೇಲೆ ಅಂಕಿ ಬರೀ ಬಣ್ಣದ ಚುಕ್ಕೆಗಳಾಗುವುದರಿಂದ, ತಿದ್ದಬಹುದಾದ ಮೂಲ ಕಡತವನ್ನು ಉಳಿಸಿಕೊಳ್ಳಬೇಕು. ಬ್ಯಾನರಿಗೆ ಎರಡು ದಾರಿಗಳಲ್ಲಿ ಯಾವುದಾದರೂ ಸರಿ. ಅದೇ ಸಾಲು ವಾಟ್ಸ್ಆ್ಯಪ್‌ಗೂ ಹೋಗುವುದಿದ್ದರೆ ಮೊದಲು ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ: 10⁶ ಹಾಗೆಯೇ ಉಳಿದರೆ ಅದು ನಿಜವಾದ ಅಕ್ಷರ, 106 ಆದರೆ ಬರೀ ಅಲಂಕಾರ.