ಓಟಕ್ಕೆ ಮುನ್ನ ಬಗ್ಗಿಯ ತಯಾರಿ

ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ರೇಡಿಯೋ ನಿಯಂತ್ರಿತ ಬಗ್ಗಿಗಳ ಅರ್ಹತಾ ಸುತ್ತು ಸಾಮಾನ್ಯವಾಗಿ 5 ನಿಮಿಷದ್ದು. ಅಷ್ಟರಲ್ಲಿ ಒಂದು ಸ್ಕ್ರೂ ಕಳಚಿಕೊಂಡರೂ ಅಂದಿನ ಶ್ರಮವೆಲ್ಲ ವ್ಯರ್ಥ. ಹೊಸಬರು ಮೊದಲು ಮೋಟಾರಿನ ಶಕ್ತಿಯ ಹಿಂದೆ ಬೀಳುತ್ತಾರೆ. ವೇಗಕ್ಕೆ ಮುಂಚೆ ಬೇಕಾದದ್ದು ಬೇರೆ: ಚಲಿಸಬೇಕಾದ ಭಾಗ ಸಲೀಸಾಗಿ ಚಲಿಸಬೇಕು, ಅಲುಗಬಾರದ ಭಾಗ ಅಲುಗಬಾರದು. 1:10 ಅಳತೆಯ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ವಿದ್ಯುತ್ ಬಗ್ಗಿಯನ್ನು ಹೀಗೆ ಅಣಿಗೊಳಿಸಬಹುದು.

ಶುಚಿ ಮತ್ತು ತಪಾಸಣೆ

ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಬೇರಿಂಗ್‌ಗೂ ಎಲೆಕ್ಟ್ರಾನಿಕ್ಸ್‌ಗೂ ನೀರು ತಾಗಿಸಬೇಡಿ. ಪ್ರತಿ ಚಕ್ರವನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಮರಳು ಸಿಕ್ಕಂತೆ ಕರಕರ ಎನ್ನುವ ಬೇರಿಂಗನ್ನು ಬದಲಿಸಿ. ನಂತರ ಶಾಕ್ ಬಿಚ್ಚಿ ಸಸ್ಪೆನ್ಷನ್ ತೋಳನ್ನು ಮೇಲೆತ್ತಿ ಬಿಡಿ. ಅದು ತನ್ನ ಭಾರಕ್ಕೇ ಕೆಳಗಿಳಿಯಬೇಕು. ನಡುವೆ ನಿಂತರೆ ಪಿನ್ ಬಾಗಿದೆ ಅಥವಾ ರಂಧ್ರದಲ್ಲಿ ಮಣ್ಣು ಕೂತಿದೆ. ಲೋಹಕ್ಕೆ ಕೂರುವ ಸ್ಕ್ರೂಗಳಿಗೆ ಒಂದು ಹನಿ ಥ್ರೆಡ್‌ಲಾಕ್ ಹಾಕಿ. ಪ್ಲಾಸ್ಟಿಕ್ಕಿಗೆ ಬೇಡ, ಕೆಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.

ಶಾಕ್ ಮತ್ತು ಎತ್ತರ

1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಸಂಸ್ಥೆ ತಂದ ಆರ್‌ಸಿ10 ಬಗ್ಗಿಯಲ್ಲೇ ಎಣ್ಣೆ ತುಂಬಿದ ಶಾಕ್‌ಗಳಿದ್ದವು. ಜಂಪ್‌ನಿಂದ ಇಳಿದ ಗಾಡಿ ಪುಟಿಯದೆ ನೆಲ ಹಿಡಿಯುವುದು ಇವತ್ತಿಗೂ ಆ ಎಣ್ಣೆಯಿಂದಲೇ. ಎಣ್ಣೆ ತುಂಬಿದ ಮೇಲೆ ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ನೆಟ್ಟಗೆ ನಿಲ್ಲಿಸಿಡಿ. ಎಡ, ಬಲ ಶಾಕ್‌ಗಳನ್ನು ಒಟ್ಟಿಗೆ ಒತ್ತಿದಾಗ ಎರಡರಲ್ಲೂ ಒಂದೇ ಬಿಗಿ ಸಿಗಬೇಕು. ಬಿಸಿಲಿಗೆ ಎಣ್ಣೆ ತೆಳುವಾಗುವುದರಿಂದ ಬೇಸಿಗೆಯಲ್ಲಿ ತುಸು ಗಟ್ಟಿ ಎಣ್ಣೆ ಒಳ್ಳೆಯದು.

ನೆಲದಿಂದ ಚಾಸಿಯ ಎತ್ತರವನ್ನು ಬ್ಯಾಟರಿ ಹಾಕಿಯೇ ಅಳೆಯಿರಿ. ಗಾಡಿಯನ್ನು ಸ್ವಲ್ಪ ಎತ್ತಿ ಬಿಟ್ಟು, ಅದು ತಾನಾಗಿ ಕೂತ ಮೇಲೆ ನೋಡಿ. ಚಕ್ರಗಳ ಮೇಲ್ತುದಿ 1ರಿಂದ 2 ಡಿಗ್ರಿ ಒಳಕ್ಕೆ ವಾಲಿರುವುದು ಒಳ್ಳೆಯ ಆರಂಭ.

ಗೇರ್ ಮತ್ತು ಟೈರ್

ಮೋಟಾರಿನ ಪಿನಿಯನ್ ದೊಡ್ಡ ಗೇರಿಗೆ ತೀರಾ ಒತ್ತಿದರೆ ಮೋಟಾರ್ ಕಾಯುತ್ತದೆ, ದೂರವಾದರೆ ಹಲ್ಲು ಸವೆಯುತ್ತದೆ. ಎರಡರ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮೋಟಾರ್ ಬಿಗಿದು, ಆಮೇಲೆ ಪಟ್ಟಿ ತೆಗೆಯಿರಿ. ಬೇಕಾದಷ್ಟು ಸಂದು ಉಳಿಯುತ್ತದೆ.

ಉಳಿದೆಲ್ಲ ಹೊಂದಾಣಿಕೆಗಿಂತ ಹೆಚ್ಚಿನ ವ್ಯತ್ಯಾಸ ತರುವುದು ಟೈರ್. ಸಡಿಲ ಮಣ್ಣಿಗೆ ಎತ್ತರದ ಮುಳ್ಳಿನ ಟೈರ್, ಗಟ್ಟಿಯಾಗಿ ಕೂತ ಮಣ್ಣಿಗೆ ಗಿಡ್ಡ ಮುಳ್ಳಿನದು. ಟೈರನ್ನು ರಿಮ್ಮಿಗೆ ಅಂಟಿಸಿದ್ದು ಸುತ್ತಲೂ ಹಿಡಿದಿದೆಯೇ ಎಂದು ಬೆರಳಿನಿಂದ ಎಳೆದು ನೋಡಿ. ಒಂದು ಕಡೆ ಬಿಟ್ಟಿದ್ದರೂ ತಿರುವಿನಲ್ಲಿ ಅಲ್ಲಿಂದಲೇ ಕಿತ್ತುಬರುತ್ತದೆ.

ಬ್ಯಾಟರಿ ಮತ್ತು ರೇಡಿಯೋ

ಈ ಬಗ್ಗಿಗಳಿಗೆ ಎರಡು ಸೆಲ್‌ಗಳ 7.4 ವೋಲ್ಟ್ ಲಿಪೋ ಬ್ಯಾಟರಿ ಬಳಕೆಯಲ್ಲಿದೆ. ಸಾಮಾನ್ಯ ಲಿಪೋದಲ್ಲಿ ಒಂದು ಸೆಲ್ 4.2 ವೋಲ್ಟ್ ದಾಟಬಾರದು. ಹಾಗಾಗಿ ಸೆಲ್‌ಗಳನ್ನು ಸರಿದೂಗಿಸುವ ಲಿಪೋ ಚಾರ್ಜರನ್ನೇ ಬಳಸಿ. ಬ್ಯಾಟರಿಯನ್ನು ಬೆಂಕಿ ತಡೆಯುವ ಚೀಲದಲ್ಲಿಟ್ಟು, ಚಾರ್ಜ್ ಮುಗಿಯುವವರೆಗೆ ಪಕ್ಕದಲ್ಲೇ ಇರಿ. ಊದಿಕೊಂಡ ಬ್ಯಾಟರಿಯನ್ನು ಖಂಡಿತ ಬಳಸಬೇಡಿ. ಓಟ ಮುಗಿದು ಎತ್ತಿಡುವಾಗ ಸೆಲ್‌ಗೆ ಸುಮಾರು 3.8 ವೋಲ್ಟ್ ಇರಲಿ.

ಕೊನೆಗೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ, ಚಕ್ರಗಳು ಏನನ್ನೂ ತಾಗದಂತೆ ಇಟ್ಟು, ಟ್ರಾನ್ಸ್‌ಮಿಟರ್ ಆರಿಸಿ ನೋಡಿ. ಚಕ್ರಗಳು ತಾವಾಗಿಯೇ ನಿಲ್ಲಬೇಕು. ಸಂಪರ್ಕ ತಪ್ಪಿದ ಗಾಡಿ ಪೂರ್ಣ ವೇಗದಲ್ಲಿ ಜನರ ಕಡೆ ನುಗ್ಗದಿರಲು ಇರುವ ವ್ಯವಸ್ಥೆ ಇದು. ದಿನನಿತ್ಯದ ಬಳಕೆಯಲ್ಲಿ ಮೊದಲು ಟ್ರಾನ್ಸ್‌ಮಿಟರ್ ಹಚ್ಚಿ, ಆಮೇಲೆ ಗಾಡಿ. ಆರಿಸುವಾಗ ಮೊದಲು ಗಾಡಿ.

ಟ್ರ್ಯಾಕಿನಲ್ಲಿ

ಅಭ್ಯಾಸದಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಸ್ಪ್ರಿಂಗನ್ನೂ ಟೈರನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯದು. ಮಣ್ಣು ಹಸಿಯೋ ಒಣಗಿದೆಯೋ, ಹಾಕಿದ ಎಣ್ಣೆ ಯಾವುದು, ಟೈರ್ ಯಾವುದು, ಗಾಡಿ ತಿರುವಿನಲ್ಲಿ ಹೇಗೆ ವರ್ತಿಸಿತು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದಿಡಿ. ಮುಂದಿನ ರೇಸಿನಲ್ಲಿ ಊಹೆಯಿಂದಲ್ಲ, ಆ ಪುಟದಿಂದ ಕೆಲಸ ಶುರುಮಾಡಬಹುದು.