ಹುರುಕು ಹತ್ತಿದ ನಾಯಿಗೆ ಗ್ಯಾರೇಜಿನ ಆಯಿಲ್ ಮದ್ದೇ?

ಲೋಂಡಾದಲ್ಲಿ ರೈಲು ಹತ್ತಿ, ಕ್ಯಾಸಲ್‌ರಾಕ್ ಘಟ್ಟ ಇಳಿದು, ಕುಳೆ ದಾಟಿದರೆ ಕುಡಚಡೆ-ಸಾವರ್ಡೆ ನಿಲ್ದಾಣ. ಅಲ್ಲಿಂದ ಬಸ್ಸಿನಲ್ಲಿ ಕೆಪೆ ಹೆಚ್ಚು ದೂರವಿಲ್ಲ. ಕುಶಾವತಿ ನದಿಯ ದಂಡೆಗಿರುವ ಈ ತಾಲೂಕು ಊರಿನಲ್ಲಿ ಕನ್ನಡ ಕಿವಿಗೆ ಬೀಳಲು ಕಾಯಬೇಕಿಲ್ಲ. ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಕಾಯಿಪಲ್ಲೆ ಮಾರುವ ಅವ್ವಂದಿರು, ಲಾರಿಗೆ ಹಮಾಲಿ ಮಾಡುವವರು. ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲೋ ಬಾಡಿಗೆ ಖೋಲಿಯಲ್ಲೋ ಸಂಸಾರ ಹೂಡಿದವರು. ಸಂಸಾರವೆಂದರೆ ಗಂಡ, ಹೆಂಡತಿ, ಮಕ್ಕಳು ಮತ್ತು ಹೆಚ್ಚಿನ ಕಡೆ ಒಂದು ನಾಯಿ. ದುಡಿಯಲು ಹೋದಾಗ ಮನೆ ಕಾಯಲು ಅದಲ್ಲದೆ ಇನ್ಯಾರಿದ್ದಾರೆ?

ಮಳೆಗಾಲದಲ್ಲಿ ಈ ನಾಯಿಗಳ ಪಾಡು ನೋಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವೆಯಲ್ಲಿ ಮೈ ಒಣಗುವುದೇ ಅಪರೂಪ. ಒದ್ದೆ ಚೀಲದ ಮೇಲೆ ಮಲಗಿ, ಕೆಸರಿನಲ್ಲಿ ಅಡ್ಡಾಡಿ, ಸೆಪ್ಟೆಂಬರ್ ಬರುವ ಹೊತ್ತಿಗೆ ಕಿವಿಯಂಚು ಬೋಳು, ಮೊಳಕೈ ಬೋಳು, ಮೈಯೆಲ್ಲ ಹಕ್ಕಳೆ. ಅಂಥದೊಂದು ನಾಯಿಯ ಮೈ ಕಪ್ಪಗೆ ಮಿಂಚುತ್ತಿದ್ದುದನ್ನು ಕಂಡು, ಏನವ್ವಾ ಇದಕ್ಕೆ ಬಳಿದದ್ದು ಎಂದು ಕೇಳಿದೆ.

“ಗಾಡಿದು ಸುಟ್ಟ ಆಯಿಲ್‌ರೀ. ಹಚ್ಚಿದ್ರ ಹುರುಕ ಹೋಗತೈತಿ ಅಂತ ಗ್ಯಾರೇಜ್ ಹುಡುಗ ಹೇಳಿದ್ನರೀ. ಎರಡ ಸಲ ಹಚ್ಚೇವಿ. ಈಗ ಅನ್ನಾನೂ ಮುಟ್ಟವಲ್ದು ನೋಡ್ರಿ.”

ಈ ಮದ್ದು ಕೆಪೆಯದಷ್ಟೇ ಅಲ್ಲ. ಹುಬ್ಬಳ್ಳಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಓದಿದವರೂ ಮಾಡುತ್ತಾರೆ. ನಾಲ್ಕು ದಿನ ಕೆರೆತ ಕಡಿಮೆಯಾದಂತೆ ಕಾಣಲೂಬಹುದು. ಆದರೆ ನಾಯಿಗೆ ನಾಲಿಗೆಯೇ ಟವೆಲ್. ಮೈಗೆ ಏನು ಬಿದ್ದರೂ ನೆಕ್ಕಿ ತೆಗೆಯುತ್ತದೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಲೋಹದ ಪುಡಿಯೂ ಇರುತ್ತದೆ, ಇಂಧನದ ಅಂಶವೂ ಇರುತ್ತದೆ. ಅದು ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಮುಂದೆ ಯಕೃತ್ತು, ಮೂತ್ರಪಿಂಡಕ್ಕೆ ಏಟು. ಕೆರೆದು ಹುಣ್ಣಾದ ಚರ್ಮ ಬೇರೆ ಸುಡುತ್ತದೆ. ಸೀಮೆಎಣ್ಣೆ, ಫಿನೈಲ್‌ಗೂ ಇದೇ ಮಾತು. ಮನುಷ್ಯರ ಕಜ್ಜಿಗೆಂದು ಬಹುಕಾಲ ಮಾರಿದ ಲಿಂಡೇನ್ ಲೋಷನ್ನೂ ನಾಯಿಗೆ ಹಚ್ಚುವಂಥದಲ್ಲ. ನೆಕ್ಕಿದರೆ ಫಿಟ್ಸ್ ಬರುತ್ತದೆ.

ಹುರುಕು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಪಶುವೈದ್ಯರ ಮುಂದೆ ಅದು ಒಂದೇ ರೋಗವಲ್ಲ.

ಒಂದು, ಸಾರ್ಕೋಪ್ಟಿಸ್ ಎಂಬ ನುಸಿ. ಕಣ್ಣಿಗೆ ಕಾಣದಷ್ಟು ಸಣ್ಣದು. ಹೆಣ್ಣು ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಮೊಟ್ಟೆ ದೊಡ್ಡ ನುಸಿಯಾಗಲು ಹೆಚ್ಚುಕಡಿಮೆ ಮೂರು ವಾರ. ಕೆರೆತವೆಂದರೆ ನಾಯಿಗೆ ನಿದ್ದೆಯೇ ಇಲ್ಲದಂಥ ಕೆರೆತ. ಒಂದು ನಾಯಿಯಿಂದ ಇನ್ನೊಂದಕ್ಕೆ ಬಲು ಬೇಗ ಹತ್ತುತ್ತದೆ. ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಮಕ್ಕಳ ತೋಳು, ಹೊಟ್ಟೆಯ ಮೇಲೂ ಕೆಂಪು ಗುಳ್ಳೆ ಏಳಿಸುತ್ತದೆ. ಆದರೆ ನಾಯಿಯ ನುಸಿ ಮನುಷ್ಯರ ಮೈಯಲ್ಲಿ ಸಂಸಾರ ಹೂಡಲಾರದು. ನಾಯಿ ಗುಣವಾದರೆ ಮಕ್ಕಳ ಗುಳ್ಳೆಯೂ ಇಳಿಯುತ್ತದೆ.

ಎರಡನೆಯದು ಡೆಮೊಡೆಕ್ಸ್. ಇದು ಕೂದಲಿನ ಬುಡದಲ್ಲಿರುವ ನುಸಿ. ಹುಟ್ಟಿದ ಮೊದಲ ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ಬರುತ್ತದೆ. ಸಾಮಾನ್ಯವಾಗಿ ಇದ್ದೂ ಇಲ್ಲದಂತೆ ಇರುತ್ತದೆ. ಮರಿ ಸೊರಗಿದಾಗ, ರೋಗನಿರೋಧಕ ಶಕ್ತಿ ಕುಂದಿದಾಗ ಹೆಚ್ಚಿಕೊಳ್ಳುತ್ತದೆ. ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಕೂದಲು ಉದುರುವುದು ಇದರ ಗುರುತು. ಇದು ಮನುಷ್ಯರಿಗಾಗಲಿ ಬೆಳೆದ ಬೇರೆ ನಾಯಿಗಾಗಲಿ ಹತ್ತುವುದಿಲ್ಲ. ಇಂಥ ಮರಿಯನ್ನೂ ‘ಕಜ್ಜಿ ನಾಯಿ’ ಎಂದು ಮನೆಯಿಂದ ಅಟ್ಟುತ್ತೇವೆ.

ಹುಳುಕಡ್ಡಿ ಮೂರನೆಯದು. ಹೆಸರಿನಲ್ಲಿ ಹುಳುವಿದ್ದರೂ ಅದು ಶಿಲೀಂಧ್ರ. ದುಂಡಗೆ ಕೂದಲು ಹೋಗುತ್ತದೆ, ಮಕ್ಕಳಿಗೂ ಹತ್ತುತ್ತದೆ. ನುಸಿಯ ಔಷಧಿ ಇದಕ್ಕೆ ತಾಗದು. ಇನ್ನು ಉಣ್ಣಿ, ಚಿಗಟಗಳ ಕಾಟವಂತೂ ಇದ್ದೇ ಇದೆ.

ಇಷ್ಟರಲ್ಲಿ ಯಾವುದು ಎಂದು ಬರೀ ಕಣ್ಣಿನಿಂದ ಹೇಳುವುದು ವೈದ್ಯರಿಗೂ ಕಷ್ಟ. ಅದಕ್ಕೇ ಬ್ಲೇಡಿನ ಅಂಚಿನಿಂದ ಚರ್ಮವನ್ನು ನವಿರಾಗಿ ಕೆರೆದು, ಗಾಜಿನ ಮೇಲೆ ಒಂದು ಹನಿ ಎಣ್ಣೆಯಲ್ಲಿ ಕಲಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಸಾರ್ಕೋಪ್ಟಿಸ್ ಮಾತ್ರ ಬಲು ಕಳ್ಳ. ನಾಲ್ಕು ಕಡೆ ಕೆರೆದರೂ ಕೆಲವೊಮ್ಮೆ ಸಿಗುವುದಿಲ್ಲ. ಆಗ ಲಕ್ಷಣ ನೋಡಿ ಔಷಧಿ ಕೊಟ್ಟು ಪರೀಕ್ಷಿಸುವುದೂ ಉಂಟು.

ಔಷಧಿಯಲ್ಲಿ ಹೆಚ್ಚು ಬಳಕೆಯದು ಐವರ್‌ಮೆಕ್ಟಿನ್. ಜಪಾನಿನ ಸತೋಶಿ ಒಮುರಾ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯೊಂದರಿಂದ ಹೊರಟ ಮದ್ದು ಇದು. ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರಲ್ಲಿ ನೊಬೆಲ್ ಬಂತು. ಒಳ್ಳೆಯ ಮದ್ದೇ ಹೌದು. ಆದರೆ ಅಳತೆ ತಪ್ಪಿದರೆ ವಿಷ. ಲೆಕ್ಕ ನೋಡಿ: ದನಕ್ಕೆ ಚುಚ್ಚುವ ಸಾಮಾನ್ಯ ಬಾಟಲಿಯಲ್ಲಿ ಒಂದು ಮಿಲಿಗೆ 10 ಮಿಲಿಗ್ರಾಂ ಔಷಧಿ. ನಾಯಿಯ ಹುರುಕಿಗೆ ಬೇಕಾದದ್ದು ಒಂದು ಕಿಲೋ ತೂಕಕ್ಕೆ 0.2 ಮಿಲಿಗ್ರಾಮಿನ ಆಸುಪಾಸು. ಅಂದರೆ 5 ಕಿಲೋ ಮರಿಗೆ ಒಂದು ಮಿಲಿಯ ಹತ್ತನೇ ಒಂದು ಪಾಲು! ಅಂಗಡಿಯಿಂದ ಬಾಟಲಿ ತಂದು ‘ಒಂದ್ ಸ್ವಲ್ಪ’ ಎಂದು ಚುಚ್ಚಿದರೆ ಹತ್ತು ಪಟ್ಟು ಹೋಗಲು ಎಷ್ಟು ಹೊತ್ತು? ಮೈ ನಡುಗಿ, ಕಣ್ಣು ಕಾಣದಾಗಿ, ಪ್ರಜ್ಞೆ ತಪ್ಪುತ್ತದೆ. ಕೋಲಿ ಜಾತಿಯ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಹುಟ್ಟಿನಿಂದಲೇ ಇದು ಆಗದು. ಔಷಧಿ ನೇರ ಮಿದುಳಿಗೆ ಇಳಿಯುತ್ತದೆ.

ಪಟ್ಟಣದ ಮನೆಗಳಲ್ಲಿ ಈಗ ಹೆಡ್ಜ್‌ಹಾಗ್ ಎಂಬ ಅಂಗೈಯಗಲದ ಮುಳ್ಳು ಪ್ರಾಣಿಯನ್ನು ಸಾಕುವ ಖಯಾಲಿ ಬಂದಿದೆ. ನಮ್ಮ ಮುಳ್ಳುಹಂದಿಯಲ್ಲ, ಅದೇ ಬೇರೆ. ಅದಕ್ಕೂ ನುಸಿ ಹತ್ತಿ ಮುಳ್ಳು ಉದುರುತ್ತದೆ. ಅರ್ಧ ಕಿಲೋ ಕೂಡ ತೂಗದ ಆ ಪ್ರಾಣಿ ಮುಟ್ಟಿದರೆ ಚೆಂಡಾಗುತ್ತದೆ. ಎಷ್ಟೋ ಸಲ ಅರಿವಳಿಕೆಯ ಗಾಳಿ ಕೊಟ್ಟು ಬಿಚ್ಚಿಸಿಯೇ ಚರ್ಮ ನೋಡಬೇಕು. ಅದಕ್ಕೆ ಮದ್ದು ಅಳೆಯುವ ವೈದ್ಯರ ಕಷ್ಟ ಊಹಿಸಿಕೊಳ್ಳಿ. ನಮ್ಮ ಬೀದಿ ನಾಯಿಗೆ ಚೆಂಡಾಗಲು ಬರುವುದಿಲ್ಲ ಎಂಬುದೊಂದೇ ಸಮಾಧಾನ.

ಮತ್ತೊಂದು ತಪ್ಪು, ಒಂದು ಸೂಜಿಗೇ ನಿಲ್ಲಿಸುವುದು. ಐವರ್‌ಮೆಕ್ಟಿನ್ ಜೀವಂತ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಎರಡು ವಾರದಲ್ಲಿ ಹೊಸ ನುಸಿ ಹೊರಬಂದು ಕೆರೆತ ಮತ್ತೆ ಶುರು. “ಡಾಕ್ಟರ್ ಸೂಜಿ ಮಾಡಿದ್ರು, ಏನೂ ಆಗಲಿಲ್ಲ” ಎನ್ನುವವರ ಕಥೆ ಹೆಚ್ಚಾಗಿ ಇಷ್ಟೇ. ಎರಡನೆಯ, ಮೂರನೆಯ ಸಲಕ್ಕೆ ಹೋಗಿರುವುದಿಲ್ಲ. ಈಗ ಫ್ಲೂರಾಲನರ್, ಅಫಾಕ್ಸೊಲನರ್ ಎಂಬ ತಿನ್ನಿಸುವ ಗುಳಿಗೆಗಳಿವೆ. ಒಂದು ಗುಳಿಗೆಯ ಶಕ್ತಿ ವಾರಗಟ್ಟಲೆ ಉಳಿಯುತ್ತದೆ. ಬೆಲೆ ಮಾತ್ರ ಕೂಲಿಯವರ ಕೈಗೆ ಭಾರ.

ಹೋಗದಿರುವುದಕ್ಕೆ ಸೋಮಾರಿತನವೇ ಕಾರಣವೆಂದು ಬರೆದರೆ ತಪ್ಪಾದೀತು. ಬೆಳಿಗ್ಗೆ ದವಾಖಾನೆ ತೆರೆಯುವ ಹೊತ್ತು, ಇವರು ಕೆಲಸಕ್ಕೆ ಹೊರಡುವ ಹೊತ್ತು ಒಂದೇ. ಒಂದು ದಿನ ತಪ್ಪಿದರೆ ಒಂದು ದಿನದ ಪಗಾರ ಹೋಯಿತು. ನಾಯಿಯನ್ನು ಬಸ್ಸಿಗೆ ಹತ್ತಿಸುವುದಿಲ್ಲ, ರಿಕ್ಷಾದವನು ಹುರುಕು ನೋಡಿ ಒಲ್ಲೆ ಎನ್ನುತ್ತಾನೆ. ಎಲ್ಲ ದಾಟಿ ಒಳಗೆ ಹೋದರೆ ಮಾತು ಕೊಂಕಣಿ ಇಲ್ಲವೇ ಮರಾಠಿ. ಎಷ್ಟು ದಿನದಿಂದ ಕೆರೆಯುತ್ತಿದೆ, ಮನೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದಿದೆಯೇ, ಮೊದಲು ಏನು ಹಚ್ಚಿದ್ದೀರಿ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ರೋಗ ಗೊತ್ತಾದಂತೆ. ಆ ಉತ್ತರವೇ ನಾಲಿಗೆಗೆ ಬರುವುದಿಲ್ಲ. ಆಯಿಲ್ ಹಚ್ಚಿದ್ದನ್ನು ಹೇಳಲು ನಾಚಿಕೆ ಬೇರೆ.

ಕೊನೆಗೆ ಆಗುವುದೇನು? ಒಂದು ರಾತ್ರಿ ನಾಯಿಯನ್ನು ದೂರ ಒಯ್ದು ಬಿಟ್ಟು ಬರುತ್ತಾರೆ. ಹಸಿವಿನಿಂದ ನರಳುವಂತೆ ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಬರೆದ ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಅದಕ್ಕೆ ಅಂಜುವವರು ಯಾರು? ಬಿಟ್ಟ ನಾಯಿಯ ನುಸಿ ಆ ಓಣಿಯ ಉಳಿದ ನಾಯಿಗಳಿಗೂ ಹತ್ತುತ್ತದೆ.

ದವಾಖಾನೆಗೆ ಹೊರಡುವವರಿಗೆ ಒಂದೆರಡು ಮಾತು. ಹಿಂದಿನ ದಿನ ಮೈ ತೊಳೆಯಬೇಡಿ, ಏನೂ ಹಚ್ಚಬೇಡಿ, ಪರೀಕ್ಷೆಗೆ ಅಡ್ಡಿಯಾಗುತ್ತದೆ. ತೂಕ ತಿಳಿದು ಹೋಗಿ. ನಾಯಿಯನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ಕಾಟಾದ ಮೇಲೆ ನಿಂತರೆ ಆಯಿತು. ಮನೆಯಲ್ಲಿ ಎರಡು ನಾಯಿಯಿದ್ದರೆ ಎರಡಕ್ಕೂ ಮದ್ದು ಕೇಳಿ. ಹಾಸಿದ ಚೀಲವನ್ನು ಸುಟ್ಟುಬಿಡಿ, ಬಟ್ಟೆಯಾದರೆ ಬಿಸಿನೀರಿನಲ್ಲಿ ಕುದಿಸಿ. ಮಾತು ಬಾರದಿದ್ದರೆ ‘ಸುಣ್ಯಾಕ್ ಖಾಜ್’ ಎನ್ನಿ, ಅಷ್ಟು ಸಾಕು. ಆಯಿಲ್ ಹಚ್ಚಿದ್ದರೆ ಆ ಡಬ್ಬವನ್ನೇ ಒಯ್ದು ತೋರಿಸಿ.

ಆ ತಾಯಿಗೂ ಇದನ್ನೇ ಹೇಳಿದೆ. ಮೊದಲು ಸೋಪು ಹಚ್ಚಿ ಆಯಿಲ್ ತೊಳೆದು, ಇವತ್ತೇ ಒಯ್ಯಬೇಕು ಎಂದೆ. ಅನ್ನ ಬಿಟ್ಟ ನಾಯಿ ನಾಳೆಗೆ ಕಾಯುವಂಥದಲ್ಲ. “ಇವತ್ತ ಸ್ಲ್ಯಾಬ್ ಐತ್ರೀ ಅಣ್ಣಾರ” ಎಂದರು. ಆಮೇಲೆ ನಾಯಿಯ ಕಡೆ ನೋಡಿ, ಒಳಗಿದ್ದ ಮಗನನ್ನು ಕೂಗಿದರು. “ಏ ತಮ್ಮಾ, ಬಕೀಟ ತುಂಬ್ಸೋ.”