ತಪ್ಪುಕಾಣಿಕೆ ಮತ್ತು ಹಿಟ್ಟಿನ ಕೋಳಿ

ಕಡೂರು ತಾಲ್ಲೂಕಿನ ಹಿರೇನಲ್ಲೂರು ಸೀಮೆಯಲ್ಲಿ ಮನೆಗೆ ಒಂದರ ಮೇಲೊಂದು ಕಷ್ಟ ಬಂದರೆ ಹಿರಿಯರು ಮೊದಲು ಕೇಳುವುದು, ‘ಹರಕೆ ಏನಾದ್ರೂ ಮರ್ತಿದೀವೇನ್ರೋ?’ ಎಂದು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿಟ್ಟು, ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊ’ ಎಂದು ಕೆನ್ನೆ ಬಡಿದುಕೊಳ್ಳುತ್ತಾರೆ. ಇದೇ ತಪ್ಪುಕಾಣಿಕೆ. ಮುಂದೆ ಅದು ಧರ್ಮಸ್ಥಳಕ್ಕೋ ಅಜ್ಜಂಪುರ ಕಡೆಯ ಅಂತರಘಟ್ಟಮ್ಮನ ಹುಂಡಿಗೋ ಸೇರುತ್ತದೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಮನಸ್ಸಿನ ಮಟ್ಟಿಗೆ ಇದು ಒಂದು ಕೆಲಸವನ್ನಂತೂ ಮಾಡುತ್ತದೆ. ಒಳಗೇ ಕೊರೆಯುತ್ತಿರುವುದಕ್ಕೆ ಒಂದು ಹೆಸರು ಸಿಗುತ್ತದೆ. ‘ನನ್ನಿಂದ ತಪ್ಪಾಗಿದೆ’ ಎಂಬ ಮಾತು ಬಾಯಿಗೆ ಬರುತ್ತದೆ. ಹೇಳಲಾಗದೆ ನರಳುವವನಿಗೆ ಕೇಳುವ ಕಿವಿಯೊಂದು ಇದೆಯೆಂಬ ಧೈರ್ಯ ಕೊಡುವುದು ನಂಬಿಕೆಯೇ. ತೊಡಕು ಇರುವುದು ಬೇರೆ ಕಡೆ. ಪಕ್ಕದ ಹೊಲದ ಬದು ಒತ್ತಿದವನು ದೇವರಿಗೆ ಕಾಸು ಕಟ್ಟಿದ ಎನ್ನಿ. ಕಾಸು ಹುಂಡಿಗೆ ಬಿತ್ತು, ಬದು ಎಲ್ಲಿತ್ತೋ ಅಲ್ಲೇ ಇದೆ. ಇವನ ಪಶ್ಚಾತ್ತಾಪ ಮುಗಿಯಿತೇ?

ಈ ಪ್ರಶ್ನೆಯನ್ನು ಕನ್ನಡದಲ್ಲಿ ಕವಿ ಜನ್ನನಷ್ಟು ಆಳವಾಗಿ ಕೆದಕಿದವರು ಕಡಿಮೆ. ಅವನು ಈ ಸೀಮೆಗೆ ಹೊರಗಿನವನೂ ಅಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ದೊರೆ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿಯ ಶಾಸನ ಜನ್ನನ ರಚನೆ. ಜೈನ ಕವಿ ಶಿವಾಲಯಕ್ಕೆ ಶಾಸನ ಬರೆದದ್ದು ಆ ಕಾಲಕ್ಕೆ ವಿಶೇಷವೆನಿಸಿರಲಿಕ್ಕಿಲ್ಲ. 1209ರಲ್ಲಿ ಅವನು ‘ಯಶೋಧರ ಚರಿತೆ’ ಬರೆದ.

ಅದರ ಕಥೆ ಹೀಗಿದೆ. ರಾಣಿ ಅಮೃತಮತಿ ಮಾವುತನ ಹಾಡಿಗೆ ಮನಸೋತು ಅವನ ಬಳಿ ಹೋಗುವುದನ್ನು ಉಜ್ಜಯಿನಿಯ ರಾಜ ಯಶೋಧರ ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ಇಳಿಸುತ್ತಾನೆ. ಆದರೆ ತಾಯಿಗೆ ನಿಜ ಹೇಳದೆ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳುತ್ತಾನೆ. ಕನಸಿನ ಕೇಡು ಕಳೆಯಲು ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲು ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಹಿಟ್ಟಿನ ಕೋಳಿಗೆ ಬಂದು ನಿಲ್ಲುತ್ತಾರೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಅದರ ಫಲವಾಗಿ ತಾಯಿ ಮಗ ನಾಯಿಯಾಗಿ, ನವಿಲಾಗಿ, ಕೊನೆಗೆ ಕೋಳಿಗಳೂ ಆಗಿ ಜನ್ಮಜನ್ಮ ತೊಳಲುತ್ತಾರೆ.

ಸಮಾಜದ ಮಟ್ಟಿಗೆ ಮುಖ್ಯವಾದದ್ದು ಕಥೆಯ ಹೊರಚೌಕಟ್ಟು. ಇದೇ ಜೀವಗಳು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟಿ, ಮಾರಿದತ್ತ ರಾಜ ನಡೆಸುವ ಚಂಡಮಾರಿಯ ಜಾತ್ರೆಗೆ ನರಬಲಿಯಾಗಿ ಬಂದು ನಿಂತಿರುತ್ತವೆ. ಕಥೆಯನ್ನು ಹೇಳುತ್ತಿರುವವರು ಅವರೇ. ಕೇಳಿದ ರಾಜ ಕರಗುತ್ತಾನೆ, ಆದರೆ ಕಣ್ಣೀರಿಗೆ ನಿಲ್ಲುವುದಿಲ್ಲ. ಬಲಿ ನಿಲ್ಲಿಸುತ್ತಾನೆ, ಸಿಂಹಾಸನವನ್ನೂ ಬಿಡುತ್ತಾನೆ. ಗುಟ್ಟಾಗಿ ಮಾಡಿಕೊಂಡ ಶಾಂತಿ ಯಶೋಧರನನ್ನು ಉಳಿಸಲಿಲ್ಲ. ಎಲ್ಲರೆದುರು ಕೈಬಿಟ್ಟ ಹಿಂಸೆ ಮಾರಿದತ್ತನನ್ನು ಉಳಿಸಿತು. ನನ್ನ ಮಟ್ಟಿಗೆ ಜನ್ನನ ತೀರ್ಪು ಇದೇ. ಕರ್ನಾಟಕದಲ್ಲಿ ಪ್ರಾಣಿಬಲಿ ತಡೆಯುವ ಕಾಯಿದೆ 1959ರಲ್ಲಿ ಬಂತು. ಈಗ ಎಷ್ಟೋ ಕಡೆ ಬಲಿಯ ಬದಲು ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುತ್ತಾರೆ. ಜನ್ನ ಅದಕ್ಕೂ ತಕರಾರು ತೆಗೆಯುತ್ತಿದ್ದನೋ ಏನೋ!

ಬೇರೆ ಧರ್ಮಗಳ ತಿಳಿವಳಿಕೆಯೂ ಜನ್ನನ ಈ ತೀರ್ಪಿಗೆ ದೂರವಿಲ್ಲ. ಇಸ್ಲಾಮಿನ ತೌಬಾದಲ್ಲಿ, ಅಂದರೆ ಪಶ್ಚಾತ್ತಾಪದಲ್ಲಿ, ತಪ್ಪನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ತಪ್ಪು ಇನ್ನೊಬ್ಬರ ಹಕ್ಕಿಗೆ ಸಂಬಂಧಿಸಿದ್ದಾದರೆ ಅದನ್ನು ಹಿಂದಿರುಗಿಸಬೇಕು, ಇಲ್ಲವೇ ಅವರಿಂದಲೇ ಕ್ಷಮೆ ಪಡೆಯಬೇಕು. ಬೈಬಲಿನ ಲೂಕನ ಸುವಾರ್ತೆಯಲ್ಲಿ ಸುಂಕದವನಾದ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎನ್ನುತ್ತಾನೆ.

ನಂಬಿಕೆಯನ್ನು ಬರೀ ಹೆದರಿಕೆಯ ಮೇಲೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಈ ಸೀಮೆಯ ಕಲ್ಲುಗಳೇ ಸಾಕ್ಷಿ. ಶಾಸನತಜ್ಞ ಬಿ.ಎಲ್. ರೈಸ್ ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಶಾಪವೊಂದು ಇರುತ್ತದೆ. ಈ ಭೂಮಿಯನ್ನು ಕಸಿದವನಿಗೆ ಗಂಗೆಯ ತಡಿಯಲ್ಲಿ ಗೋವುಗಳನ್ನು ಕೊಂದ ಪಾಪ ಎಂದು. ಅಷ್ಟು ಶಾಪ ಬರೆಯಬೇಕಾಗಿ ಬಂತೆಂದರೆ ಒತ್ತುವರಿ ಮಾಡುವವರು ಆಗಲೂ ಇದ್ದರೆಂದೇ ಅರ್ಥ.

ಒಬ್ಬರ ತಪ್ಪಿಗೆ ದಾರಿಯುಂಟು. ಊರಿಗೆ ಊರೇ ಮಾಡಿದ ತಪ್ಪಿಗೆ? 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದರು ಗಾಂಧೀಜಿ. ಪ್ರಕೃತಿಯ ಆಗುಹೋಗಿಗೆ ನೀತಿಯ ಕಾರಣ ಹಚ್ಚಬಾರದೆಂದು ಟ್ಯಾಗೋರರು ಕಟುವಾಗಿ ಆಕ್ಷೇಪಿಸಿದರು. ಭೂಕಂಪದ ವಿಷಯದಲ್ಲಿ ಟ್ಯಾಗೋರರದೇ ಸರಿ. ಆದರೆ ಕೇರಿಯವರನ್ನು ಗುಡಿಯ ಹೊರಗೆ ನಿಲ್ಲಿಸಿದ್ದು ಸಮಾಜವೇ ತೀರಿಸಬೇಕಾದ ಋಣ ಎಂಬ ಗಾಂಧೀಜಿಯ ಒತ್ತಾಯಕ್ಕೆ ಭೂಕಂಪದ ಆಸರೆ ಬೇಕಿರಲಿಲ್ಲ. ಆ ಋಣ ಮನಸ್ಸಿನ ಮರುಕದಿಂದ ತೀರಲೂ ಇಲ್ಲ. ಅಸ್ಪೃಶ್ಯತೆಯನ್ನು ತಡೆಯಲು ಸಂವಿಧಾನದ 17ನೇ ವಿಧಿ ಬೇಕಾಯಿತು, 1955ರ ಕಾಯಿದೆ ಬೇಕಾಯಿತು.

ನಂಬಿಕೆಯೂ ನ್ಯಾಯವೂ ಒಂದೇ ಕಟ್ಟೆಯಲ್ಲಿ ಕೂರುವ ಜಾಗಗಳೂ ಇವೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಮಠದ ನ್ಯಾಯಪೀಠಕ್ಕೆ ಜನ ಜಮೀನಿನ, ಸಂಸಾರದ ವ್ಯಾಜ್ಯ ಹೊತ್ತು ಬರುತ್ತಾರೆ. ಗುರುಗಳ ಎದುರು ಒಪ್ಪಿಕೊಂಡದ್ದನ್ನು ಊರಿಗೆ ಹೋಗಿ ಇಲ್ಲವೆನ್ನುವುದು ಸುಲಭವಲ್ಲ. ಆದರೆ ಪ್ರಾಯಶ್ಚಿತ್ತದ ಹೆಸರಿನಲ್ಲಿ ಜಾತಿ ಮೀರಿ ಮದುವೆಯಾದವರಿಗೆ ದಂಡ ಹಾಕುವ ಕುಲದ ಕಟ್ಟೆಗಳನ್ನು ಇದರ ಜೊತೆ ಸೇರಿಸಬಾರದು. ಅಲ್ಲಿ ತಪ್ಪು ಮಾಡಿದವರು ದಂಡ ಹಾಕಿದವರೇ.

ತಪ್ಪನ್ನು ಸರಿಪಡಿಸಿಕೊಳ್ಳುವ ದಾರಿಯಲ್ಲಿ ಸರ್ಕಾರದ ಕಾನೂನೂ ಈಗ ಒಂದು ಹೆಜ್ಜೆ ಇಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಬಾರಿ ಅಪರಾಧಿಯಾದವನು ಆ ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸೆರೆವಾಸವಿಲ್ಲ, ಸಮುದಾಯ ಸೇವೆಯೇ ಶಿಕ್ಷೆ.